ಚೀಸ್ ಡಿಪ್ ಒಡೆಯದಿರಲು: ಹೊಸದಾಗಿ ಬಂದವರ ಪ್ರಶ್ನೆಗೆ ಉತ್ತರ

ಸಹೋದ್ಯೋಗಿಗಳನ್ನು ಮನೆಗೆ ಕರೆದಿದ್ದೀರಿ, ಅದ್ದಿಕೊಂಡು ತಿನ್ನುವ ಬಿಸಿ ಚೀಸ್ ಡಿಪ್ ಮಾಡಿ ನೋಡಿದರೆ ತರಿತರಿಯಾಗಿ ಎಣ್ಣೆ ಬಿಡುತ್ತಿದೆ. ಯಾವ ಪಾತ್ರೆ, ಯಾವ ಚೀಸ್ ಎಂದು ಕೇಳಿದ್ದೀರಿ. ಕರೆದದ್ದು ಬಹಳ ಒಳ್ಳೆಯದಾಯಿತು. ಪರಊರಿನಲ್ಲಿ ಮೊದಲ ವರ್ಷ ಬಾಗಿಲು ತಟ್ಟುವವರಿಲ್ಲದೆ ಕಳೆಯುವುದು ಎಷ್ಟು ಭಾರವೆಂದು ನನಗೆ ಗೊತ್ತು.

ಪಾತ್ರೆ ಯಾವುದಾದರೂ ಸರಿ, ತಳ ದಪ್ಪಗಿರಲಿ.

ಚೀಸ್ ಮಾತ್ರ ಗಟ್ಟಿ ತುಂಡನ್ನೇ ತಂದು ಮನೆಯಲ್ಲಿ ತುರಿಯಿರಿ. ತುರಿದು ಮಾರುವ ಪ್ಯಾಕೆಟ್‌ನಲ್ಲಿ ಎಳೆಗಳು ಅಂಟಿಕೊಳ್ಳದಂತೆ ಪಿಷ್ಟವನ್ನೋ ಸೆಲ್ಯುಲೋಸನ್ನೋ ಸವರಿರುತ್ತಾರೆ. ಡಿಪ್ ನುಣ್ಣಗಾಗದಿರಲು ಅದೂ ಕಾರಣ. ಚೆಡ್ಡರ್ ಎಂಬ ಗಟ್ಟಿ ಚೀಸ್ ಹೆಚ್ಚು ಕಾಲ ಮಾಗಿದ್ದರೆ ರುಚಿ ಜೋರು, ತೇವ ಕಡಿಮೆ, ಬೇಗ ಒಡೆಯುತ್ತದೆ. ಎಳೆಯ ಚೆಡ್ಡರ್ 150 ಗ್ರಾಂ, ಮಾಗಿದ್ದು 50 ಗ್ರಾಂ ಸಾಕು. ಮಾಂಸ ತಿನ್ನದವರಾದರೆ ಲೇಬಲ್‌ನಲ್ಲಿ ರೆನೆಟ್ (ಚೀಸ್ ಮಾಡಲು ಹಾಲನ್ನು ಗಟ್ಟಿಯಾಗಿಸುವ ಪದಾರ್ಥ) ಯಾವುದೆಂದು ನೋಡಿ: ಕರುವಿನ ಹೊಟ್ಟೆಯಿಂದ ತೆಗೆದದ್ದೂ ಇರುತ್ತದೆ. ‘ಮೈಕ್ರೋಬಿಯಲ್’, ಅಂದರೆ ಸೂಕ್ಷ್ಮಜೀವಿಗಳಿಂದ ತೆಗೆದದ್ದು, ಎಂದಿದ್ದರೆ ತೊಂದರೆಯಿಲ್ಲ.

ಎರಡು ದೊಡ್ಡ ಚಮಚ ಬೆಣ್ಣೆ ಕರಗಿಸಿ, ಅಷ್ಟೇ ಮೈದಾ ಹಾಕಿ, ಬಣ್ಣ ತಿರುಗದಂತೆ ಒಂದೆರಡು ನಿಮಿಷ ಹುರಿಯಿರಿ. 300 ಮಿಲಿಲೀಟರ್ ಹಾಲನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತಾ ಗಂಟಾಗದಂತೆ ಕದಡಿ. ಕುದಿ ಬಂದು, ಸೌಟಿನ ಬೆನ್ನಿಗೆ ಅಂಟುವಷ್ಟು ಗಟ್ಟಿಯಾಗಲಿ. ಹಾಲು ಕಾಯಿಸಿ ಪಳಗಿದ ಕೈಗೆ ಇದನ್ನು ಹೆಚ್ಚು ಹೇಳಬೇಕಿಲ್ಲ.

ಈಗ ಒಲೆ ಆರಿಸಿ. ಎಲ್ಲರೂ ಎಡವುವುದು ಇಲ್ಲೇ. ಚೀಸ್ ಹಾಕಿದ ಮೇಲೆ ಕುದಿಸಿದರೆ ಅದರ ಪ್ರೋಟೀನ್ ಬಿಗಿದುಕೊಂಡು ನೀರನ್ನೂ ಕೊಬ್ಬನ್ನೂ ಹೊರಗೆ ಹಿಂಡುತ್ತದೆ. ಕೆಳಗೆ ತರಿ, ಮೇಲೆ ಎಣ್ಣೆ. ಅತಿಥಿಗಳು ಬರುವ ಹೊತ್ತಿಗೆ ಕೈ ಅವಸರ ಮಾಡುತ್ತದೆ, ಉರಿ ಏರಿಸಬೇಡಿ. ಎರಡು ನಿಮಿಷ ಬಿಟ್ಟು, ಒಂದೊಂದೇ ಹಿಡಿ ಚೀಸ್ ಹಾಕಿ, ಅದು ಪೂರ್ತಿ ಕರಗಿದ ಮೇಲೆಯೇ ಇನ್ನೊಂದು. ಉಪ್ಪು ಕೊನೆಗೆ, ರುಚಿ ನೋಡಿ, ಚೀಸ್‌ನಲ್ಲೇ ಸಾಕಷ್ಟಿರುತ್ತದೆ. ಟೊಮೆಟೊ ಬೇಕೆಂದರೆ ರಸ ಬಸಿದು ಹಾಕಿ. ನಿಂಬೆ ಹಿಂಡಲೇಬೇಡಿ.

ಒಡೆದೇಹೋದರೆ ಚೆಲ್ಲಬೇಡಿ. ಉರಿಯಿಂದ ಇಳಿಸಿ, ಎರಡು ಚಮಚ ಬೆಚ್ಚಗಿನ ಹಾಲಿನ ಜೊತೆ ಒಂದು ಸ್ಲೈಸ್ ಪ್ರೊಸೆಸ್ಡ್ ಚೀಸ್ ಚೂರು ಮಾಡಿ ಹಾಕಿ ಬಿರುಸಾಗಿ ಕದಡಿ. ಅದರಲ್ಲಿರುವ ಸೋಡಿಯಂ ಸಿಟ್ರೇಟ್‌ನಂಥ ಲವಣಗಳು ಪ್ರೋಟೀನಿನ ಕ್ಯಾಲ್ಸಿಯಂ ಹಿಡಿದುಕೊಂಡು ಕೊಬ್ಬು ಬೇರೆಯಾಗದಂತೆ ನೋಡಿಕೊಳ್ಳುತ್ತವೆ. ಸೋಡಿಯಂ ಸಿಟ್ರೇಟ್ ಸಿಕ್ಕರೆ ಮೈದಾ, ಬೆಣ್ಣೆ ಎರಡೂ ಬೇಡ: 200 ಗ್ರಾಂ ಚೀಸ್‌ಗೆ 5 ಗ್ರಾಂ, 150 ಮಿಲಿಲೀಟರ್ ಬಿಸಿ ಹಾಲಿನಲ್ಲಿ ಮೊದಲು ಕರಗಿಸಿಕೊಳ್ಳಿ. ನನ್ನ ಮಟ್ಟಿಗೆ ಇದೇ ಉತ್ತಮ, ಚೀಸ್‌ನ ರುಚಿ ಪೂರ್ತಿ ನಿಲ್ಲುತ್ತದೆ.

ಕೆಲವರು ಹಾಲಿನ ಬದಲು ಇವ್ಯಾಪರೇಟೆಡ್ ಮಿಲ್ಕ್ (ನೀರಿನಂಶ ಇಂಗಿಸಿದ, ಸಕ್ಕರೆ ಹಾಕದ ಡಬ್ಬಿ ಹಾಲು) ಬಳಸುತ್ತಾರೆ, ಚೆನ್ನಾಗಿಯೇ ಬರುತ್ತದೆ. ಆದರೆ ಪಕ್ಕದಲ್ಲೇ ಅದೇ ಅಳತೆಯ ಡಬ್ಬಿಯಲ್ಲಿ ಸಕ್ಕರೆ ಹಾಕಿದ ಕಂಡೆನ್ಸ್ಡ್ ಮಿಲ್ಕ್ ಇರುತ್ತದೆ, ಓದಿ ಎತ್ತಿಕೊಳ್ಳಿ.

ಬಡಿಸುವಾಗ ಬಟ್ಟಲನ್ನು ಬಿಸಿನೀರಿನ ಪಾತ್ರೆಯ ಮೇಲಿಡಿ. ಉಳಿದದ್ದು ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಲಿ, ಮೂರು ದಿನ ಇರುತ್ತದೆ. ಮತ್ತೆ ಬಿಸಿಮಾಡುವಾಗ ಸ್ವಲ್ಪ ಹಾಲು, ಸಣ್ಣ ಉರಿ.