ಚಿಕ್ಕಪ್ಪ ಲೋಕಸಭೆಗೆ ನಿಲ್ಲುತ್ತಾರಂತೆ, ಸೈಟು ಮಾರಬಹುದಾ?

ಪ್ರಶ್ನೆ: ಸಾರ್, ನಮ್ಮ ಚಿಕ್ಕಪ್ಪ ಹೈಸ್ಕೂಲು ಮೇಷ್ಟ್ರಾಗಿ ರಿಟೈರ್ ಆದವರು. ಹೋಬಳಿಯಲ್ಲಿ ಅವರಿಗೆ ನಮಸ್ಕಾರ ಹೇಳದೆ ಮುಂದೆ ಹೋಗುವವರಿಲ್ಲ. ಮುಂದಿನ ಲೋಕಸಭೆಗೆ ಪಕ್ಷೇತರನಾಗಿ ನಿಲ್ಲುತ್ತೇನೆ ಅಂತ ಹಟ ಹಿಡಿದಿದ್ದಾರೆ. "ಮಂಡ್ಯದಲ್ಲಿ ಸುಮಲತಾ ಗೆಲ್ಲಲಿಲ್ವಾ?" ಅಂತ ನಮ್ಮನ್ನೇ ಕೇಳುತ್ತಾರೆ. ಖರ್ಚಿಗೆ ಸೈಟು ಮಾರುತ್ತಾರಂತೆ. ಚಿಕ್ಕಮ್ಮ ಎರಡು ದಿನದಿಂದ ಮಾತು ಬಿಟ್ಟಿದ್ದಾರೆ. ಏನು ಹೇಳಲಿ?
(ಹಾಸನ ಜಿಲ್ಲೆಯ ಓದುಗ)

ಉತ್ತರ: ಸೈಟು ಮಾರುವ ಮಾತು ಸದ್ಯಕ್ಕೆ ಬೇಡ ಅಂತ ಹೇಳಿ. ನಿಲ್ಲುವ ವಿಚಾರ ಆಮೇಲೆ ನೋಡೋಣ.

ನಾಮಪತ್ರ ಹಾಕುವುದು ದೊಡ್ಡ ಕೆಲಸವೇನಲ್ಲ. ಠೇವಣಿ 25,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 12,500. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು, ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಚುನಾವಣೆ ಖರ್ಚಿಗೇ ಅಂತ ಒಂದು ಬೇರೆ ಬ್ಯಾಂಕ್ ಖಾತೆ, ಆಸ್ತಿ, ಸಾಲ, ಕೇಸುಗಳ ಅಫಿಡವಿಟ್. ಇಷ್ಟು ಮೇಷ್ಟ್ರಿಗೆ ನೀರು ಕುಡಿದಷ್ಟು ಸುಲಭ.

ತೊಂದರೆ ಇರುವುದು ಆಮೇಲೆ. ಚಲಾವಣೆಯಾದ ಮತದಲ್ಲಿ ಆರನೇ ಒಂದು ಪಾಲಿಗಿಂತ ಜಾಸ್ತಿ ಬಿದ್ದರೆ ಮಾತ್ರ ಠೇವಣಿ ವಾಪಸ್. ನಮ್ಮಲ್ಲಿ ಒಂದು ಲೋಕಸಭಾ ಕ್ಷೇತ್ರ ಅಂದರೆ ಎಂಟು ವಿಧಾನಸಭಾ ಕ್ಷೇತ್ರ. ಹನ್ನೆರಡು ಲಕ್ಷ ಮತ ಬಿತ್ತು ಅಂತಿಟ್ಟುಕೊಳ್ಳಿ, ಠೇವಣಿ ಉಳಿಸಿಕೊಳ್ಳುವುದಕ್ಕೇ ಎರಡು ಲಕ್ಷದ ಮೇಲೆ ಬೇಕು. ಗೆಲ್ಲುವುದಕ್ಕಲ್ಲ, ಬರೀ ಠೇವಣಿಗೆ! ಚಿಕ್ಕಪ್ಪನವರ ಹೋಬಳಿ ಪೂರ್ತಿ, ಒಂದು ಮತವೂ ಆಚೀಚೆ ಆಗದೆ ಅವರಿಗೇ ಬಿದ್ದರೂ ಆ ಲೆಕ್ಕದ ಹತ್ತಿರಕ್ಕೆ ಹೋಗುವುದಿಲ್ಲ. ನಮಸ್ಕಾರ ಹೇಳಿದವರೆಲ್ಲ ಮತ ಹಾಕುವುದಿಲ್ಲ ಅನ್ನುವುದು ಅವರಿಗೂ ಗೊತ್ತಿರುತ್ತದೆ, ಗ್ರಾಮ ಪಂಚಾಯಿತಿ ಚುನಾವಣೆ ನೋಡಿದ ಯಾರಿಗೆ ತಾನೇ ಗೊತ್ತಿಲ್ಲ?

ಇನ್ನು ಸುಮಲತಾ ವಿಷಯ. 2019ರಲ್ಲಿ ಅವರಿಗೆ 7 ಲಕ್ಷಕ್ಕೂ ಹೆಚ್ಚು ಮತ ಬಂತು, ಜೆಡಿಎಸ್‌ನ ನಿಖಿಲ್ ಕುಮಾರಸ್ವಾಮಿ ವಿರುದ್ಧ 1,25,876 ಮತಗಳ ಅಂತರದಲ್ಲಿ ಗೆದ್ದರು. ಆಗ ನಿಖಿಲ್ ಅವರ ತಂದೆಯೇ ಮುಖ್ಯಮಂತ್ರಿ. ದೊಡ್ಡ ಗೆಲುವು, ಅನುಮಾನವಿಲ್ಲ. ಆದರೆ "ಪಕ್ಷೇತರ" ಅನ್ನುವ ಪದ ನೋಡಿ ಅವರು ಒಂಟಿಯಾಗಿ ನಿಂತಿದ್ದರು ಅಂದುಕೊಂಡರೆ ಚಿಕ್ಕಪ್ಪ ಮೋಸ ಹೋಗುತ್ತಾರೆ. ಬಿಜೆಪಿ ಅಲ್ಲಿ ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟಿತು. ರೈತ ಸಂಘ ಜೊತೆಗಿತ್ತು. ಮೈತ್ರಿಯಲ್ಲಿ ಸೀಟು ಜೆಡಿಎಸ್‌ಗೆ ಹೋಯಿತು ಅಂತ ಕುದಿಯುತ್ತಿದ್ದ ಕಾಂಗ್ರೆಸ್ ಕಾರ್ಯಕರ್ತರು ಹಗಲು ಒಂದು ಬಾವುಟ, ರಾತ್ರಿ ಇನ್ನೊಂದು ಕೆಲಸ ಅಂತ ಓಡಾಡಿದ್ದು ಮಂಡ್ಯದಲ್ಲಿ ಯಾರಿಗೂ ಗುಟ್ಟಲ್ಲ. ಇದೇ ಕ್ಷೇತ್ರದಿಂದ 1998, 1999, 2004ರಲ್ಲಿ ಮೂರು ಸಲ ಗೆದ್ದಿದ್ದ ಅವರ ಪತಿ ಅಂಬರೀಶ್ ತೀರಿಕೊಂಡು ಆಗಿನ್ನೂ ಐದು ತಿಂಗಳೂ ಆಗಿರಲಿಲ್ಲ. ಮೇಲೆ ದರ್ಶನ್, ಯಶ್ ಅನ್ನುವ ಜೋಡೆತ್ತು ಬೇರೆ, ಬಿಸಿಲಲ್ಲಿ ಹಳ್ಳಿ ಹಳ್ಳಿ ಸುತ್ತಿದರು. ಎದುರಾಳಿಗಳು ಲೇವಡಿ ಮಾಡಿದಷ್ಟೂ "ಸ್ವಾಭಿಮಾನ" ಅನ್ನುವ ಮಾತು ಗಟ್ಟಿಯಾಯಿತು.

ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ. ಮತದಾನದ ದಿನ ಬೆಳಿಗ್ಗೆ ಅಣಕು ಮತದಾನಕ್ಕೆ ಮುಂಚೆಯೇ ಹೋಗಿ, ಸಂಜೆ ಮಿಷನ್ ಸೀಲ್ ಮಾಡುವ ತನಕ ಕೂರುವ ಏಜೆಂಟರು ಎಷ್ಟು ಜನ ಇದ್ದಾರೆ? ಒಂದು ಲೋಕಸಭಾ ಕ್ಷೇತ್ರಕ್ಕೆ ಎರಡು ಸಾವಿರದ ಆಸುಪಾಸು ಮತಗಟ್ಟೆ ಇರುತ್ತವೆ. ಇನ್ನೂರು ಹೆಸರನ್ನು ಚಿಕ್ಕಪ್ಪ ಕಾಗದದ ಮೇಲೆ ಬರೆಯಲಿ, ಹಳೇ ಸ್ಟೂಡೆಂಟ್ಸ್ ಆದರೂ ಸರಿ. ಬರೆದುಬಿಟ್ಟರೆ ನಿಮ್ಮ ಚಿಕ್ಕಮ್ಮನಿಗೆ ನಾನೇ ಫೋನ್ ಮಾಡಿ ಸಮಾಧಾನ ಹೇಳುತ್ತೇನೆ.

ಖರ್ಚಿಗೆ ಮಿತಿ 95 ಲಕ್ಷ ರೂಪಾಯಿ. ಇದು ಎಲ್ಲರಿಗೂ ಒಂದೇ ಅಂತ ಕಾಣುತ್ತದೆ, ಆದರೆ ಅಲ್ಲ. ಪಕ್ಷ ಒಟ್ಟಾರೆ ಪ್ರಚಾರಕ್ಕೆ ಮಾಡುವ ಖರ್ಚಿಗೆ ಮಿತಿಯೇ ಇಲ್ಲ. ಪಟ್ಟಿಯಲ್ಲಿರುವ ಸ್ಟಾರ್ ಪ್ರಚಾರಕರು ಹೆಲಿಕಾಪ್ಟರಿನಲ್ಲಿ ಬಂದಿಳಿದರೆ ಆ ಓಡಾಟದ ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಬರುವುದಿಲ್ಲ. ಪಕ್ಷೇತರರಿಗೆ ಅಂಥ ಪಟ್ಟಿಯೇ ಇಲ್ಲ, ಆಟೋಗೆ ಕಟ್ಟಿದ ಮೈಕ್ ಕೂಡ ಅವರ ಲೆಕ್ಕಕ್ಕೇ. ಆಕಾಶವಾಣಿ, ದೂರದರ್ಶನದಲ್ಲಿ ಪುಕ್ಕಟೆ ಸಮಯ ಸಿಗುವುದೂ ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ.

ಚಿಹ್ನೆಯ ಕಥೆ ಇನ್ನೂ ಕಷ್ಟ. ಕೈ, ಕಮಲ, ತೆನೆ ಹೊತ್ತ ಮಹಿಳೆಯನ್ನು ಜನ ಹುಟ್ಟಿದಾಗಿನಿಂದ ನೋಡಿದ್ದಾರೆ. ನಿಮ್ಮ ಚಿಕ್ಕಪ್ಪನಿಗೆ ಹೊಲಿಗೆ ಯಂತ್ರವೋ ಗ್ಯಾಸ್ ಸಿಲಿಂಡರೋ ಅನ್ನುವುದು ಗೊತ್ತಾಗುವುದೇ ನಾಮಪತ್ರ ವಾಪಸ್ ತೆಗೆಯುವ ದಿನ ಮುಗಿದ ಮೇಲೆ. ಅಲ್ಲಿಂದ ಪ್ರಚಾರಕ್ಕೆ ಸುಮಾರು ಎರಡು ವಾರ ಸಿಗುತ್ತದೆ. ಅಷ್ಟರಲ್ಲಿ ಎಂಟೂ ವಿಧಾನಸಭಾ ಕ್ಷೇತ್ರದ ಅಜ್ಜಿಯರಿಗೆಲ್ಲ ಹೊಲಿಗೆ ಯಂತ್ರ ತೋರಿಸಬೇಕು.

ಇಷ್ಟೆಲ್ಲ ಕೇಳಿದ ಮೇಲೂ ನಿಲ್ಲುತ್ತೇನೆ ಅಂದರೆ ನಿಲ್ಲಲಿ ಬಿಡಿ. 25,000ವನ್ನು ಹೋಯಿತು ಅಂತ ಬರೆದಿಟ್ಟು, ಪಿಂಚಣಿಯಲ್ಲಿ ಉಳಿಸಿದ್ದಷ್ಟರಲ್ಲೇ ಮಾಡಲಿ. ಸೈಟಿನ ಪತ್ರ ಮಾತ್ರ ಚಿಕ್ಕಮ್ಮನ ಬೀರುವಿನಲ್ಲೇ ಇರಲಿ.

ಪ್ರಶ್ನೆ: ಒಂದೇ ಹೆಸರಿನವರು ಮೂರು ನಾಲ್ಕು ಜನ ನಿಲ್ಲುತ್ತಾರಲ್ಲ, ಇದನ್ನು ತಡೆಯಲು ಕಾನೂನಿಲ್ಲವೇ?
(ಮಂಡ್ಯ)

ಉತ್ತರ: ಈ ಪ್ರಶ್ನೆಯನ್ನು ಕೇಳುವ ಹಕ್ಕು ನಿಮ್ಮೂರಿಗೆ ಎಲ್ಲರಿಗಿಂತ ಜಾಸ್ತಿ ಇದೆ! 2019ರಲ್ಲಿ ನಿಮ್ಮಲ್ಲಿ ಇನ್ನೂ ಮೂವರು ಸುಮಲತಾ ಕಣದಲ್ಲಿದ್ದರು. ಅಪ್ಪ ಅಮ್ಮ ಇಟ್ಟ ಹೆಸರಿದೆ ಅನ್ನುವ ಕಾರಣಕ್ಕೆ ಯಾರನ್ನೂ ನಿಲ್ಲಬೇಡ ಅನ್ನಲು ಆಗುವುದಿಲ್ಲ. ಒಂದೇ ಹೆಸರಿದ್ದರೆ ವೃತ್ತಿಯನ್ನೋ ಊರನ್ನೋ ಸೇರಿಸಿ ಬೇರೆ ಮಾಡುತ್ತಾರೆ. 2015ರಿಂದ ಮಿಷನ್ ಮೇಲೆ ಅಭ್ಯರ್ಥಿಯ ಫೋಟೋ ಕೂಡ ಬರುತ್ತಿದೆ, ಅದರಿಂದ ಸ್ವಲ್ಪ ಅನುಕೂಲವಾಯಿತು. ಆದರೆ ಪಟ್ಟಿಯಲ್ಲಿ ಮೊದಲು ಮಾನ್ಯತೆ ಪಡೆದ ಪಕ್ಷದವರು, ಆಮೇಲೆ ಬರೀ ನೋಂದಣಿಯಾದ ಪಕ್ಷದವರು, ಕೊನೆಗೆ ಪಕ್ಷೇತರರು, ಅವರಲ್ಲಿ ಅಕ್ಷರದ ಕ್ರಮ. ಅಂದರೆ ಪಕ್ಷೇತರ ಸುಮಲತಾಗಳೆಲ್ಲ ಒಂದೇ ಕಡೆ ಸಾಲಾಗಿ ನಿಲ್ಲುತ್ತಾರೆ. ಗೊಂದಲ ಮಾಡಲೆಂದೇ ನಿಲ್ಲಿಸಿದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಅದಕ್ಕೇ ಗೆದ್ದ ಸುಮಲತಾ ಅವರ ಕಡೆಯವರು ಹೆಸರಿಗಿಂತ ಕಹಳೆ ಊದುವ ಗುರುತನ್ನು ಜನರ ತಲೆಯಲ್ಲಿ ಕೂರಿಸಿದರು.

ಪ್ರಶ್ನೆ: ಬೆಳಗಾವಿಯಲ್ಲಿ ಒಮ್ಮೆ ನಾನೂರಕ್ಕಿಂತ ಹೆಚ್ಚು ಜನ ಲೋಕಸಭೆಗೆ ನಿಂತಿದ್ದರು ಅಂತ ನಮ್ಮ ತಾತ ಹೇಳುತ್ತಾರೆ. ನಿಜವಾ, ಬೊಗಳೆಯಾ?
(ಗೋಕಾಕ)

ಉತ್ತರ: ತಾತ ಹೇಳಿದ್ದು ನಿಜ. 1996ರಲ್ಲಿ ಬೆಳಗಾವಿಯಲ್ಲಿ 456 ಅಭ್ಯರ್ಥಿಗಳಿದ್ದರು. ಗಡಿ ವಿವಾದದ ಕಡೆ ದೆಹಲಿಯ ಗಮನ ಸೆಳೆಯಬೇಕು ಅಂತ ಮಹಾರಾಷ್ಟ್ರ ಏಕೀಕರಣ ಸಮಿತಿಯ ಕಡೆಯವರು ಗುಂಪಾಗಿ ನಾಮಪತ್ರ ಹಾಕಿದ್ದರು. ಅದೇ ವರ್ಷ ಆಂಧ್ರದ ನಲ್ಗೊಂಡದಲ್ಲಿ 480 ಜನ. ಅವರ ಸಂಕಟ ಬೇರೆ, ಕುಡಿಯುವ ನೀರಿನಲ್ಲಿ ಫ್ಲೋರೈಡ್. ತಮಿಳುನಾಡಿನ ಮೊಡಕುರಿಚಿಯಲ್ಲಿ ವಿಧಾನಸಭೆಗೆ 1,033 ಮಂದಿ ನಿಂತು ಮತಪತ್ರವನ್ನು ಪುಸ್ತಕದ ಹಾಗೆ ಅಚ್ಚು ಹಾಕಬೇಕಾಯಿತು. ಆಗ ಲೋಕಸಭೆಗೆ ಠೇವಣಿ ಬರೀ 500 ರೂಪಾಯಿ. ಆ ಸಲ ಇಡೀ ದೇಶದಲ್ಲಿ 13,952 ಅಭ್ಯರ್ಥಿಗಳಿದ್ದರು. ಕೂಡಲೇ ಠೇವಣಿಯನ್ನು 10,000ಕ್ಕೆ ಏರಿಸಿ, ಹತ್ತು ಸೂಚಕರ ನಿಯಮ ತಂದರು. 1998ರಲ್ಲಿ ಅಭ್ಯರ್ಥಿಗಳ ಸಂಖ್ಯೆ 4,750ಕ್ಕೆ ಇಳಿಯಿತು.

ಆದರೂ ಆ ದಾರಿ ಮುಚ್ಚಿಲ್ಲ. 2019ರಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ 185 ಜನ ಕಣದಲ್ಲಿದ್ದರು, ಹೆಚ್ಚಿನವರು ಅರಿಶಿನ, ಜೋಳ ಬೆಳೆಯುವ ರೈತರು. ಒಬ್ಬೊಬ್ಬರೂ 25,000 ಕಟ್ಟಿದ್ದರು. ಅವರಲ್ಲಿ ಯಾರೂ ಗೆಲ್ಲಲಿಲ್ಲ, ಆದರೆ ಆಗ ಸಂಸದೆಯಾಗಿದ್ದ, ಅಂದಿನ ಮುಖ್ಯಮಂತ್ರಿಯ ಮಗಳು ಕವಿತಾ ಸೋತರು. ಚುನಾವಣೆಗೆ ನಿಲ್ಲುವುದನ್ನೇ ಧರಣಿಯ ಹಾಗೆ ಬಳಸಿದರು. ಹಾಸನದ ಚಿಕ್ಕಪ್ಪನವರ ಉದ್ದೇಶ ಯಾವುದಾದರೂ ಕೆರೆಯದ್ದೋ ರಸ್ತೆಯದ್ದೋ ಆಗಿದ್ದರೆ ಅವರು ಓದಬೇಕಾದದ್ದು ಮಂಡ್ಯದ ಕಥೆ ಅಲ್ಲ, ಇದು.

ಪ್ರಶ್ನೆ: ಪಕ್ಷೇತರನಾಗಿ ಗೆದ್ದ ಮೇಲೆ ಯಾವುದಾದರೂ ಪಕ್ಷ ಸೇರಬಹುದಾ?
(ಶಿರಸಿ)

ಉತ್ತರ: ಸೇರಿದರೆ ಸಂಸದನ ಸ್ಥಾನ ಹೋಗುತ್ತದೆ. ಸಂವಿಧಾನದ ಹತ್ತನೇ ಅನುಸೂಚಿ, ಅಂದರೆ ಪಕ್ಷಾಂತರ ನಿಷೇಧ ಕಾನೂನು, ಪಕ್ಷೇತರರಿಗೂ ಅನ್ವಯಿಸುತ್ತದೆ. ಬೆಂಬಲ ಕೊಡಬಹುದು, ಸದಸ್ಯತ್ವ ತೆಗೆದುಕೊಳ್ಳುವಂತಿಲ್ಲ. ಸುಮಲತಾ 2023ರ ಮಾರ್ಚ್‌ನಲ್ಲಿ ಬಿಜೆಪಿಗೆ ಬೆಂಬಲ ಅಂತಷ್ಟೇ ಘೋಷಿಸಿ, ಪಕ್ಷ ಸೇರಿದ್ದು 2024ರ ಏಪ್ರಿಲ್‌ನಲ್ಲಿ. ಅಷ್ಟೊತ್ತಿಗೆ ಆ ಲೋಕಸಭೆಯ ಕೊನೆಯ ಅಧಿವೇಶನವೇ ಮುಗಿದಿತ್ತು. ಆ ಸಲ ಅವರು ನಿಲ್ಲಲಿಲ್ಲ, ಮಂಡ್ಯ ಕುಮಾರಸ್ವಾಮಿಯವರ ಪಾಲಾಯಿತು.

ಪ್ರಶ್ನೆ: ನೀವು ಏನೇ ಹೇಳಿ, ಪಕ್ಷೇತರರೆಲ್ಲ ಟಿಕೆಟ್ ಸಿಗದ ಬಂಡಾಯದವರು. ಇವರನ್ನು ನಿಷೇಧಿಸುವುದೇ ಒಳ್ಳೆಯದಲ್ವಾ?
(ಶಿವಮೊಗ್ಗ)

ಉತ್ತರ: ಶಿವಮೊಗ್ಗದಿಂದ ಈ ಪ್ರಶ್ನೆ ಬಂದಿದ್ದು ಯಾಕೆ ಅಂತ ಗೊತ್ತಾಯಿತು ಬಿಡಿ. 2024ರಲ್ಲಿ ಈಶ್ವರಪ್ಪನವರು ಬಂಡಾಯ ನಿಂತು, ಬಿಜೆಪಿಯಿಂದ ಉಚ್ಚಾಟನೆಯಾಗಿ, ಠೇವಣಿಯನ್ನೂ ಕಳೆದುಕೊಂಡರು. ದಶಕಗಳ ರಾಜಕೀಯ, ಉಪಮುಖ್ಯಮಂತ್ರಿ ಆಗಿದ್ದವರು. ಚಿಹ್ನೆ ಇಲ್ಲದೆ ಹೋದರೆ ಅಂಥವರ ಕಥೆಯೇ ಹಾಗೆ. ಆ ಸಲ ದೇಶದಲ್ಲಿ 3,900ಕ್ಕೂ ಹೆಚ್ಚು ಪಕ್ಷೇತರರು ನಿಂತು ಗೆದ್ದವರು 7 ಜನ. ನಮ್ಮ ಪಕ್ಕದ ಸಾಂಗ್ಲಿಯಲ್ಲಿ ಗೆದ್ದ ವಿಶಾಲ್ ಪಾಟೀಲ್ ಕೂಡ ಕಾಂಗ್ರೆಸ್ ಬಂಡಾಯದವರೇ, ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ವಸಂತದಾದಾ ಪಾಟೀಲರ ಮೊಮ್ಮಗ. ನಿಮ್ಮ ಮಾತಿಗೆ ಬಲ ಕೊಡಲು ಕಾನೂನು ಆಯೋಗವೂ ಇದೆ: 2015ರ ವರದಿಯಲ್ಲಿ ಪಕ್ಷೇತರರನ್ನು ನಿಲ್ಲದಂತೆ ಮಾಡಿ ಅಂತಲೇ ಶಿಫಾರಸು ಮಾಡಿತ್ತು.

ನನಗೆ ಅದು ಒಪ್ಪಿಗೆಯಿಲ್ಲ. ಟಿಕೆಟ್ ಕೊಡುವುದು ಯಾರು? ದೆಹಲಿಯ ಒಂದು ಕೋಣೆಯಲ್ಲಿ ಕೂತ ನಾಲ್ಕು ಜನ. ಅವರು ಬೇಡ ಅಂದವರಿಗೆ ಮತದಾರರ ಮುಂದೆ ಹೋಗುವ ಒಂದು ಬಾಗಿಲಾದರೂ ಇರಲಿ, ಹೋದವರಲ್ಲಿ ಹೆಚ್ಚಿನವರು ಬರಿಗೈಯಲ್ಲಿ ಬಂದರೂ ಸರಿ. ಅದೇ ಬಾಗಿಲಿನಿಂದ 1967ರಲ್ಲಿ ದಿನಕರ ದೇಸಾಯಿ ಹೋದರು, ನಮ್ಮ ಚುಟುಕದ ದೇಸಾಯಿಯವರೇ. ಆಗಿನ ಕೆನರಾ, ಅಂದರೆ ಈಗಿನ ಉತ್ತರ ಕನ್ನಡ ಕ್ಷೇತ್ರದಲ್ಲಿ ಅದಕ್ಕೂ ಮುಂಚೆ ಮೂರು ಚುನಾವಣೆ ಕಾಂಗ್ರೆಸ್ಸಿನ ಜೋಕಿಂ ಆಳ್ವ ಗೆದ್ದಿದ್ದರು. ದೇಸಾಯಿಯವರ ಹಿಂದೆ ಪಕ್ಷ ಇರಲಿಲ್ಲ ನಿಜ, ಆದರೆ ಗೇಣಿದಾರರ ಪರ ಚಳವಳಿ ಮಾಡಿ ಬ್ರಿಟಿಷರ ಕಾಲದಲ್ಲಿ ಜಿಲ್ಲೆಯಿಂದ ಗಡೀಪಾರಾಗಿದ್ದರು, ಟ್ರಸ್ಟ್ ಕಟ್ಟಿ ಊರೂರಲ್ಲಿ ಶಾಲೆ ತೆರೆದಿದ್ದರು. ಆ ಶಾಲೆಗೆ ಹೋದ ಮಕ್ಕಳ ಅಪ್ಪಂದಿರೇ ಅವರ ಕಾರ್ಯಕರ್ತರು ಅನ್ನಬಹುದು. ಅವರಾದ ಮೇಲೆ ಕರ್ನಾಟಕದಿಂದ ಪಕ್ಷೇತರರೊಬ್ಬರು ಲೋಕಸಭೆಗೆ ಹೋಗಲು 2019 ಬರಬೇಕಾಯಿತು.

ಪ್ರಶ್ನೆ: ಸೋತ ಮೇಲೂ ಖರ್ಚಿನ ಲೆಕ್ಕ ಕೊಡಬೇಕಂತೆ, ಹೌದಾ?
(ಹೆಸರು ಬೇಡ ಎಂದವರು)

ಉತ್ತರ: ಹೌದು. ಫಲಿತಾಂಶ ಬಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಬೇಕು, ನೂರು ಮತ ಬಿದ್ದಿದ್ದರೂ ಸರಿ. ಸರಿಯಾದ ಕಾರಣವಿಲ್ಲದೆ ಕೊಡದಿದ್ದರೆ ಮೂರು ವರ್ಷ ಯಾವ ಚುನಾವಣೆಗೂ ನಿಲ್ಲದ ಹಾಗೆ ಚುನಾವಣಾ ಆಯೋಗ ಅನರ್ಹಗೊಳಿಸುತ್ತದೆ. ಹೆಸರು ಯಾಕೆ ಬೇಡ ಅಂದಿರಿ ಅಂತ ಕೇಳುವುದಿಲ್ಲ. ಶಾಮಿಯಾನ, ಮೈಕ್, ಬಾಡಿಗೆ ಕಾರಿನ ಬಿಲ್ಲು ಹುಡುಕಿಟ್ಟುಕೊಳ್ಳಿ.