ಟಾಸ್ಕ್ ಹಾಕಿದ ಮೇಲೆ ನಿಧಾನ ಯಾಕೆ?

40ನೇ ಫಿಬೊನಾಚಿ ಸಂಖ್ಯೆ ಹುಡುಕಲು ತನ್ನನ್ನೇ ಮತ್ತೆ ಮತ್ತೆ ಕರೆಯುವ ಫಂಕ್ಷನ್‌ಗೆ ಓಪನ್‌ಎಂಪಿ (ಕೆಲಸವನ್ನು ಹಲವು ಕೋರ್‌ಗಳಿಗೆ ಹಂಚುವ ವ್ಯವಸ್ಥೆ) ಟಾಸ್ಕ್, ಅಂದರೆ ಹಂಚಬಹುದಾದ ಕೆಲಸದ ತುಂಡು, ಹಾಕಿದೆ, 4 ಕೋರ್ ಇದ್ದರೂ ಮೊದಲಿಗಿಂತ ನಿಧಾನ ಯಾಕೆ ಅಂತ ಕೇಳಿದ್ದೀರಿ. ನಿಮ್ಮ ಟಾಸ್ಕ್ ತೀರಾ ಸಣ್ಣದು, ಅಷ್ಟೇ. ನಮ್ಮ ಚಿಕ್ಕಮಗಳೂರಿನ ತೋಟದಲ್ಲಿ ಮೇಸ್ತ್ರಿ ಒಬ್ಬೊಬ್ಬರಿಗೆ ಒಂದೊಂದೇ ಕಾಫಿ ಹಣ್ಣು ಕೊಯ್ಯಲು ಹೇಳಿ, ಪ್ರತಿ ಸಲ ಪುಸ್ತಕದಲ್ಲಿ ಬರೆದುಕೊಂಡರೆ ಹೇಗಿರುತ್ತದೆ? ಕೊಯ್ಲಿಗಿಂತ ಲೆಕ್ಕವೇ ಜಾಸ್ತಿ ಅಲ್ವಾ! ನಿಮ್ಮ ಕೋಡಿನಲ್ಲಿ ಆ ಫಂಕ್ಷನ್ 33 ಕೋಟಿಗೂ ಹೆಚ್ಚು ಸಲ ಓಡುತ್ತದೆ. ಪ್ರತಿ ಸಲ ಆಗುವ ನಿಜವಾದ ಕೆಲಸ ಒಂದು ಕೂಡಿಸುವ ಲೆಕ್ಕ. ಅದಕ್ಕೆ ಟಾಸ್ಕ್ ಮಾಡಿ, ಸಾಲಿಗೆ ಹಾಕಿ, ಮತ್ತೆ ಎತ್ತಿಕೊಳ್ಳುವ ಖರ್ಚು ಎಷ್ಟೋ ಪಟ್ಟು ದೊಡ್ಡದು.

ಫಂಕ್ಷನ್‌ಗೆ ಕೊಡುವ ಸಂಖ್ಯೆ 20ಕ್ಕಿಂತ ಕಡಿಮೆಯಾದಾಗ ಟಾಸ್ಕ್ ಬಿಟ್ಟು ಸಾದಾ ಫಂಕ್ಷನ್ನೇ ಕರೆಯಿರಿ. 20 ಅನ್ನೋದು ಸುಮ್ನೆ ಅಂದಾಜು, ನಿಮ್ಮ ಯಂತ್ರದಲ್ಲಿ ಬದಲಿಸಿ ನೋಡಿ. ಹಾಗೇ ಮೊದಲ ಕರೆ ಸಿಂಗಲ್ (ಒಂದೇ ಥ್ರೆಡ್, ಅಂದರೆ ಕೆಲಸದ ಒಂದೇ ಎಳೆ, ಓಡಿಸುವ ಭಾಗ) ಒಳಗಿದೆಯಾ? ಇಲ್ಲದಿದ್ದರೆ 4 ಥ್ರೆಡ್ಡೂ ಅದೇ ಲೆಕ್ಕ ಮಾಡುತ್ತಾ ಕೂರುತ್ತವೆ.