‘ತಿಳೀತೇನ್ರಿ?’ ಎಂದು ಕೇಳಬೇಡಿ

ಕಲಬುರಗಿಯ ಪದವಿ ಕಾಲೇಜೊಂದರ ಅತಿಥಿ ಉಪನ್ಯಾಸಕಿಯೊಬ್ಬರ ಪತ್ರ: ‘ಬಿ.ಎ. ಮೊದಲ ವರ್ಷಕ್ಕೆ ಅರ್ಥಶಾಸ್ತ್ರ ಹೇಳುತ್ತೇನೆ. ಒಂದೇ ಕೋಣೆಯಲ್ಲಿ 160 ಮಂದಿ. ತಿಳೀತೇನ್ರಿ ಅಂದರೆ ಎಲ್ಲರೂ ಹೌದ್ರಿ ಮೇಡಂ ಅನ್ನುತ್ತಾರೆ. ಟೆಸ್ಟಿನಲ್ಲಿ ಹಾಳೆ ಖಾಲಿ. ಇಂಥ ತರಗತಿಗೆ ಪಾಠ ಹೇಳಲು ಸಾಧ್ಯವೇ?’

ಸಂಪಾದಕರ ಉತ್ತರ:

ಮೇಡಂ, ಪತ್ರಿಕೆಗೆ ಬರುವ ಮುಂಚೆ ಕೆಲವು ವರ್ಷ ನಾನೂ ಅಂಥದೇ ಕೋಣೆಯಲ್ಲಿ ನಿಂತವನು. ‘ಹೌದ್ರಿ ಸರ’ ಎಂಬ ಒಕ್ಕೊರಲನ್ನು ನಂಬಿ ಪಾಠ ಮುಂದೊಯ್ದವನು. ಒಂದು ಮಧ್ಯಾಹ್ನ ಜೇವರ್ಗಿ ಬಸ್ಸಿಗೆ ಹೊರಟಿದ್ದ ಹುಡುಗ ಬಾಗಿಲಲ್ಲಿ ನಿಂತು ಹೇಳಿದ: ‘ತಿಳೀಲಿಲ್ಲ ಅಂದ್ರ ಎಲ್ಲಾರೂ ಹೊಳ್ಳಿ ನೋಡ್ತಾರ್ರಿ ಸರ. ಅದಕ್ಕ ಹೌದ್ರಿ ಅಂತೀವಿ.’ ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ನಿಮ್ಮ ಮಕ್ಕಳು ದಡ್ಡರಲ್ಲ, ನೀವು ಸೋತಿಲ್ಲ. ಆ ಪ್ರಶ್ನೆಯೇ ಸರಿಯಿಲ್ಲ.

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ಅವರಿಗೂ ಇದೇ ಪೆಟ್ಟು ಬಿದ್ದಿತ್ತು. ಕಷ್ಟದ ಲೆಕ್ಕ ಬಿಡಿಸುತ್ತಿದ್ದ ವಿದ್ಯಾರ್ಥಿಗಳು ಮೂಲ ಪರಿಕಲ್ಪನೆಯ ಸರಳ ಪ್ರಶ್ನೆಗೆ ತಡವರಿಸಿದರು. 1991ರಲ್ಲಿ ಅವರು ಕ್ರಮ ಬದಲಿಸಿದರು: ಸ್ವಲ್ಪ ಹೊತ್ತು ಪಾಠ, ಆಮೇಲೊಂದು ಪ್ರಶ್ನೆ. ಪ್ರತಿಯೊಬ್ಬರೂ ತಾವೇ ಯೋಚಿಸಿ ಉತ್ತರ ಆರಿಸಬೇಕು, ಬಳಿಕ ಪಕ್ಕದವರೊಡನೆ ವಾದಿಸಿ ಮತ್ತೊಮ್ಮೆ ಆರಿಸಬೇಕು.

ನಿಮ್ಮ ವಿಷಯಕ್ಕೇ ಬರುತ್ತೇನೆ. ಯಾವ ಬೆಲೆಗೆ ಜನ ಎಷ್ಟು ಕೊಳ್ಳುತ್ತಾರೆ ಎಂದು ತೋರಿಸುವ ಗೆರೆ, ಅಂದರೆ ಬೇಡಿಕೆ ರೇಖೆ, ಅದನ್ನೇ ತೆಗೆದುಕೊಳ್ಳಿ. ಬೋರ್ಡಿನ ಮೇಲೆ ಹೀಗೆ ಬರೆಯಿರಿ: ‘ಮಳೆ ಕೈಕೊಟ್ಟು ತೊಗರಿ ಬೆಳೆ ಕುಸಿಯಿತು. ಬೇಳೆಯ ಬೆಲೆ ಏರಿತು, ಜನ ಕೊಳ್ಳುವುದು ಕಡಿಮೆಯಾಯಿತು. ಬೇಡಿಕೆ ರೇಖೆ ಏನಾಯಿತು? ಅ) ಎಡಕ್ಕೆ ಸರಿಯಿತು. ಆ) ರೇಖೆ ಅಲ್ಲೇ ಇದೆ, ಅದರ ಮೇಲಿನ ಬಿಂದು ಮೇಲಕ್ಕೆ ಸರಿಯಿತು.’ ಒಂದು ನಿಮಿಷ ಯಾರೂ ಮಾತಾಡುವಂತಿಲ್ಲ. ‘ಅ’ ಅನ್ನುವವರು ಒಂದು ಬೆರಳು, ‘ಆ’ ಅನ್ನುವವರು ಎರಡು ಬೆರಳು ಎದೆಯ ಹತ್ತಿರ ಹಿಡಿಯಲಿ. ಎದೆಯ ಹತ್ತಿರವೇ ಏಕೆಂದರೆ, ಹಾಗೆ ಹಿಡಿದ ಬೆರಳು ನಿಮಗೆ ಕಾಣುತ್ತದೆ, ಹಿಂದಿನ ಬೆಂಚಿಗೆ ಕಾಣುವುದಿಲ್ಲ. ಬಹಳ ಮಂದಿ ‘ಅ’ ಅನ್ನುತ್ತಾರೆ. ಕೊಳ್ಳುವುದು ಕಡಿಮೆಯಾದರೆ ಬೇಡಿಕೆಯೇ ಇಳಿಯಿತು ಎಂಬುದು ಸಹಜವಾದ ತಪ್ಪು. ಸರಿ ಉತ್ತರವನ್ನು ತಕ್ಷಣ ಹೇಳಿಬಿಡಬೇಡಿ. ಎರಡು ಮೂರು ನಿಮಿಷ ಪಕ್ಕದವರೊಡನೆ ಜಗಳಾಡಲಿ. ಕನ್ನಡವೋ ಉರ್ದುವೋ ತೆಲುಗೋ ಮರಾಠಿಯೋ, ಯಾವ ಮಾತಿನಲ್ಲಾದರೂ ಸರಿ. ಈಗಷ್ಟೇ ಅರ್ಥ ಮಾಡಿಕೊಂಡವಳಿಗೆ ತಾನು ಎಲ್ಲಿ ಎಡವಿದ್ದೆ ಎಂಬುದು ಇನ್ನೂ ನೆನಪಿರುತ್ತದೆ. ನಮಗೆ ಅದು ಮರೆತು ಎಷ್ಟೋ ವರ್ಷವಾಗಿದೆ. ಮತ್ತೆ ಬೆರಳು ಎಣಿಸಿ, ಆಮೇಲೆ ವಿವರಿಸಿ: ಬೆಲೆ ಏರಿದ್ದು ಪೂರೈಕೆ ಕುಗ್ಗಿದ್ದರಿಂದ, ಕೊಳ್ಳುವವರ ಮನಸ್ಸು ಬದಲಾದದ್ದರಿಂದಲ್ಲ. ಹಾಗಾಗಿ ರೇಖೆ ಅಲ್ಲೇ ಇದೆ, ‘ಆ’ ಸರಿ. ತೊಗರಿ ಹೊಲದಿಂದ ಬಂದ ಮಕ್ಕಳು ಈ ವಾದದಲ್ಲಿ ಸುಮ್ಮನೆ ಕೂರುವವರಲ್ಲ.

ಗದ್ದಲ ಆಗುತ್ತದೆ, ಪ್ರಾಂಶುಪಾಲರು ಇಣುಕಿ ನೋಡಬಹುದು. ಅವರಿಗೆ ಇದನ್ನು ಹೇಳಿ: 2014ರಲ್ಲಿ ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಬರೀ ಉಪನ್ಯಾಸ ಕೇಳಿದವರಲ್ಲಿ ಸರಾಸರಿ ಸುಮಾರು 34 ಪ್ರತಿಶತ ಫೇಲಾಗಿದ್ದರು. ತರಗತಿಯಲ್ಲೇ ಯೋಚಿಸಿ, ಮಾತಾಡಿ ಕಲಿತವರಲ್ಲಿ ಅದು ಸುಮಾರು 22.

ಇನ್ನೊಂದು, ಚೀಟಿ. ಕೊನೆಯ ಮೂರು ನಿಮಿಷದಲ್ಲಿ ‘ಇಂದು ಎಲ್ಲಿ ತೊಡಕಾಯಿತು?’ ಎಂದು ಒಂದೇ ಸಾಲು, ಹೆಸರಿಲ್ಲದೆ ಬರೆಸಿ. ಆಳಂದ, ಚಿತ್ತಾಪುರದ ಬಸ್ಸು ಹಿಡಿಯುವವರಿಗೆ ತಡವಾಗಬಾರದು, ಪಾಠವನ್ನೇ ಮೊದಲು ಮುಗಿಸಿ. 160 ಚೀಟಿಯನ್ನೂ ಓದಬೇಕಿಲ್ಲ, ಮೂವತ್ತು ತೆಗೆದು ಓದಿದರೆ ತೊಡಕು ಗೊತ್ತಾಗುತ್ತದೆ. ಮರುದಿನದ ಪಾಠ ಅಲ್ಲಿಂದಲೇ ಶುರುವಾಗಲಿ. ಇದರಿಂದ ಪಠ್ಯಕ್ರಮ ಸ್ವಲ್ಪ ಹಿಂದೆ ಬೀಳುತ್ತದೆ, ಅದು ನಿಜ. ನಾನಾಗಿದ್ದರೆ ಕೆಲವು ಭಾಗಗಳನ್ನು ಮನೆಯಲ್ಲಿ ಓದಿ ಬರಲು ಹೇಳುತ್ತಿದ್ದೆ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಒಂದೇ ಕೋಣೆಗೆ 160 ಮಂದಿಯನ್ನು ತುಂಬುವುದು ಸರಿ ಎಂದಲ್ಲ. ಎರಡು ವಿಭಾಗ ಮಾಡಲೇಬೇಕು, ಅದಕ್ಕೆ ಇನ್ನೊಬ್ಬ ಉಪನ್ಯಾಸಕರನ್ನು ಕೊಡಲೇಬೇಕು. ಈ ಬೇಡಿಕೆಯನ್ನು ನಮ್ಮ ಪತ್ರಿಕೆ ಬರೆಯುತ್ತಲೇ ಇರುತ್ತದೆ. ಅಲ್ಲಿಯವರೆಗೆ, ಬೇಳೆಯ ಪ್ರಶ್ನೆಗೆ ಮೊದಲ ಸಲ ಎಷ್ಟು ಬೆರಳು, ಎರಡನೇ ಸಲ ಎಷ್ಟು ಬೆರಳು ಎದ್ದವು ಎಂದು ನನಗೆ ಬರೆದು ತಿಳಿಸಿ.